ತರಬೇತಿಗೆ ಬರುವಾಗ ಒಂದು ಮಗುವಿನ ನೋಟ್‌ಬುಕ್ ತನ್ನಿ

ಈ ಸಲ ಬಂದ ಪತ್ರಗಳಲ್ಲಿ ಶಿಕ್ಷಕರ ಪತ್ರಗಳೇ ಜಾಸ್ತಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯವರು ಬರೆದಿದ್ದಾರೆ. ಕೇಳಿರುವುದು ಬೇರೆ ಬೇರೆ, ಸಂಕಟ ಮಾತ್ರ ಒಂದೇ: ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಒಂದೇ ರೀತಿ ಕಲಿಯುವುದಿಲ್ಲ, ಅಂಥವರಿಗೆ ಹೇಗೆ ಕಲಿಸಬೇಕು ಅಂತ ನಮಗೆ ಯಾರೂ ಸರಿಯಾಗಿ ತೋರಿಸಿಲ್ಲ. ಹೆಸರುಗಳನ್ನು ಬಿಟ್ಟು, ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ತಾಂಡಾದ ಶಾಲೆ. ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಮಾತಿನಲ್ಲಿ ಚುರುಕು, ಬಾಯಿಲೆಕ್ಕ ಥಟ್ಟನೆ ಹೇಳುತ್ತಾನೆ, ಪುಸ್ತಕ ಕೊಟ್ಟರೆ ಒಂದು ಸಾಲು ಓದುವುದಿಲ್ಲ. ತರಬೇತಿಯಲ್ಲಿ 21 ಬಗೆಯ ವೈಕಲ್ಯಗಳ ಹೆಸರು ಹೇಳಿ ಕಳಿಸಿದರು. ಇವನದು ಕಲಿಕಾ ನ್ಯೂನತೆ ಅಂತ ಬರೆದು ಕಳಿಸಲಾ?
– ಶಿಕ್ಷಕಿ, ಚಿತ್ತಾಪುರ ತಾಲ್ಲೂಕು

ಉತ್ತರ: ಈಗಲೇ ಬರೆಯಬೇಡಿ ಮೇಡಂ. ಕಲಿಕಾ ನ್ಯೂನತೆ ಅಂದರೆ ಬುದ್ಧಿ ಚುರುಕಿದ್ದೂ ಓದು, ಬರಹ, ಲೆಕ್ಕ ಕೈಗೆ ಹತ್ತದ ತೊಂದರೆ. ಹಾಗಂತ ಸುಮ್ನೆ ಬಿಡಲೂಬೇಡಿ. ಆ 21ರ ಪಟ್ಟಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯದ್ದು. ಯಾರಿಗೆ ಸೌಲಭ್ಯ ಸಿಗಬೇಕು ಅಂತ ಸರ್ಕಾರ ತೀರ್ಮಾನ ಮಾಡಲು ಅದು ಬೇಕು. ನಾಳೆ ಬೆಳಿಗ್ಗೆ ನಿಮ್ಮ ಕ್ಲಾಸಿನಲ್ಲಿ ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ, ಅಲ್ವಾ?

ಮೊದಲು ಕಿವಿ, ಕಣ್ಣು. ಅವನ ಅವ್ವನನ್ನು ಕರೆದು ಕಿವಿ ಸೋರುತ್ತಾ ಅಂತ ಕೇಳಿ. ನಮ್ಮ ಕಡೆ ಕಿವಿ ಸೋರುವ ಮಕ್ಕಳಿಗೆ ಹತ್ತಿ ಇಟ್ಟು ಶಾಲೆಗೆ ಕಳಿಸುವುದು ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಅರ್ಧ ಕೇಳುವ ಮಗುವಿಗೆ ತ ಯಾವುದು, ದ ಯಾವುದು ಅಂತ ಹೇಗೆ ಗೊತ್ತಾಗಬೇಕು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಅದರ ತಂಡ ಶಾಲೆಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅವರು ಬಂದ ದಿನ ಈ ಹುಡುಗನನ್ನು ಬೇರೆಯಾಗಿ ತೋರಿಸಿ. ಸಾಲಿನಲ್ಲಿ ನಿಂತು ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಮನೆಯ ಮಾತು. ತಾಂಡಾದ ಹುಡುಗ ಅಂದರೆ ಮನೆಯಲ್ಲಿ ಲಂಬಾಣಿ. ಕನ್ನಡ ಅವನಿಗೆ ಸಿಕ್ಕಿರುವುದೇ ಶಾಲೆಯಲ್ಲಿ. ಪಾಠದ ಪದ ಓದಲು ಬರಲಿಲ್ಲ ಅಂದರೆ, ಆ ಪದದ ಅರ್ಥ ಅವನಿಗೆ ಗೊತ್ತಿದೆಯಾ ಅಂತ ಮೊದಲು ಕೇಳಿ ನೋಡಿ. ಗೊತ್ತಿಲ್ಲದ ಪದವನ್ನು ಅಕ್ಷರ ಕೂಡಿಸಿ ಓದುವುದು ದೊಡ್ಡವರಿಗೂ ಕಷ್ಟವೇ. ಹಾಗೆಯೇ ಹಾಜರಿ ಪುಸ್ತಕ ತೆಗೆದು ಒಂದನೇ ಕ್ಲಾಸಿನಿಂದ ನೋಡುತ್ತಾ ಬನ್ನಿ. ಕಬ್ಬು ಕಡಿಯಲು ಅಂತ, ಪುಣೆ ಮುಂಬೈ ಹೈದರಾಬಾದ್ ಕಡೆ ಕಟ್ಟಡದ ಕೆಲಸಕ್ಕೆ ಅಂತ ಅಪ್ಪ ಅವ್ವ ಗುಳೆ ಹೋದಾಗ ಇವನೂ ಹೋಗಿರಬಹುದು. ಕಾಗುಣಿತ ಕಲಿಸುವ ತಿಂಗಳುಗಳಲ್ಲಿ ಹುಡುಗ ಶಾಲೆಯಲ್ಲೇ ಇರಲಿಲ್ಲ ಅಂದರೆ ಅದು ನ್ಯೂನತೆಯಲ್ಲ. ಬಿಟ್ಟುಹೋದ ಪಾಠ ಅಷ್ಟೇ, ಕಲಿಸಿದರೆ ಬರುತ್ತದೆ.

ಇನ್ನೊಂದು ಮಾತು ತರಬೇತಿಗಳಲ್ಲಿ ಯಾರೂ ಹೇಳುವುದಿಲ್ಲ. ತರಬೇತಿಗೆ ತರುವ ಉದಾಹರಣೆಗಳೆಲ್ಲ ಇಂಗ್ಲಿಷಿನವು, ಬಿ ಮತ್ತು ಡಿ ತಿರುಗಿಸಿ ಬರೆಯುತ್ತಾರೆ ಅನ್ನುವಂಥವು. ಕನ್ನಡದ ಕಷ್ಟವೇ ಬೇರೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಮಗು ನೂರಾರು ರೂಪಗಳನ್ನು ಗುರುತಿಸಬೇಕು. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಅದು ಪೂರ್ತಿ ಕೈಗೆ ಹತ್ತಲು ನಾಲ್ಕನೇ, ಐದನೇ ಕ್ಲಾಸು ಆಗುತ್ತದೆ. ಜೊತೆಗೆ ನಮ್ಮ ಭಾಗದ ಆಡುಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸುವುದೇ ಇಲ್ಲ. ಕಿವಿಗೆ ದನ, ಧನ ಎರಡೂ ಒಂದೇ ಆದಾಗ ಮಗು 'ಭಾಷೆ'ಯನ್ನು 'ಬಾಸೆ' ಅಂತ ಬರೆದರೆ ಅದನ್ನು ಕಲಿಕಾ ನ್ಯೂನತೆಯ ಲಕ್ಷಣ ಅಂತ ಗುರುತು ಹಾಕಬೇಡಿ. ಅದು ಊರಿನ ಮಾತು ಬರಹಕ್ಕೆ ಇಳಿದಿರುವುದು.

ಇದನ್ನೆಲ್ಲ ನೋಡಿಯೂ ಹುಡುಗ ಅಲ್ಲೇ ನಿಂತಿದ್ದಾನೆ ಅನ್ನಿಸಿದರೆ ಬರೆದಿಡಲು ಶುರು ಮಾಡಿ. 'ಕಮಲ'ದಲ್ಲಿ 'ಕ' ತೆಗೆದರೆ ಏನು ಉಳಿಯುತ್ತದೆ ಅಂತ ಬಾಯಲ್ಲೇ ಕೇಳಿ, ಹೇಳುತ್ತಾನಾ ನೋಡಿ. ಕ ಕಾ ಕಿ ಕೀ ಅಂತ ಸಾಲಾಗಿ ಗಿಳಿಪಾಠ ಒಪ್ಪಿಸಿ, ಅವನ್ನೇ ಕಲೆಸಿ ಕೊಟ್ಟಾಗ ತಡವರಿಸುತ್ತಾನಾ? ಮೊದಲ ಸಾಲಿನಲ್ಲಿ ಓದಿದ ಪದ ಮೂರನೇ ಸಾಲಿನಲ್ಲಿ ಬಂದರೆ ಹೊಸದು ಅನ್ನುವಂತೆ ನೋಡುತ್ತಾನಾ? ಬೋರ್ಡು ನೋಡಿ ಮುದ್ದಾಗಿ ಬರೆದು, ಬರೆದದ್ದನ್ನು ತಾನೇ ಓದಲಾರನಾ? ದಿನಾಂಕ ಹಾಕಿ ಬರೆಯಿರಿ. 'ಓದಿನಲ್ಲಿ ಹಿಂದೆ' ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಪದ ಕೊಟ್ಟಿದ್ದಿರಿ, ಅವನು ಏನು ಓದಿದ, ಅದು ಬೇಕು.

ಬರೆದಿಡುವ ಜೊತೆಗೇ ಕಲಿಸುವುದನ್ನೂ ಬದಲಾಯಿಸಿ. ಪರೀಕ್ಷೆಯ ವರದಿ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ವರ್ಷ ಕಳೆದುಹೋಗುತ್ತದೆ. ಒಂದು ಸಲಕ್ಕೆ ನಾಲ್ಕೈದು ಅಕ್ಷರ ಸಾಕು. ಮರಳಲ್ಲಿ ಬೆರಳಿಂದ ತಿದ್ದಿಸಿ, ಬರೆಯುವಾಗ ಧ್ವನಿಯನ್ನು ಬಾಯಲ್ಲಿ ಹೇಳಿಸಿ. ಅವನೇ ಹೇಳಿದ ಎರಡು ವಾಕ್ಯವನ್ನು ನೀವು ಬರೆದುಕೊಡಿ, ಅದನ್ನೇ ಓದಿಸಿ. ತನ್ನ ಮಾತು ಕಾಗದದ ಮೇಲೆ ಕಂಡಾಗ ಮಕ್ಕಳು ಓದಲು ಹಟ ಹಿಡಿಯುವುದನ್ನು ನಾನು ಬೇಕಾದಷ್ಟು ಕ್ಲಾಸುಗಳಲ್ಲಿ ನೋಡಿದ್ದೇನೆ. ಎಲ್ಲರ ಮುಂದೆ ಎಬ್ಬಿಸಿ ಗಟ್ಟಿಯಾಗಿ ಓದು ಅನ್ನುವುದನ್ನು ಮಾತ್ರ ಈಗ ನಿಲ್ಲಿಸಿ.

2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ನಿರ್ದಿಷ್ಟ ಕಲಿಕಾ ನ್ಯೂನತೆಯ ಮೊದಲ ತಪಾಸಣೆಯನ್ನು ಶಿಕ್ಷಕರಿಗೇ ವಹಿಸಿತು, ಅದೂ ಮೂರನೇ ಕ್ಲಾಸಿನಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ. ಆಮೇಲೆ ಮಕ್ಕಳ ವೈದ್ಯರು ನೋಡಬೇಕು, ಅದಾದ ಮೇಲೆ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಬೇಕು. ಹೆಸರು ಇಡುವುದು ಅವರ ಕೆಲಸ. ಅವರ ಮುಂದೆ ಮಗು ಇರುವುದು ಸ್ವಲ್ಪ ಹೊತ್ತು, ನಿಮ್ಮ ಮುಂದೆ ವರ್ಷಪೂರ್ತಿ. ಹಾಗಾಗಿ ನೀವು ಬರೆದಿಟ್ಟ ಆ ಹಾಳೆಗಳನ್ನು ತಪ್ಪದೆ ಕೊಟ್ಟು ಕಳಿಸಿ.

ಪ್ರಶ್ನೆ: ನಾನು ಸಿಆರ್‌ಪಿ, ಅಂದರೆ ಕ್ಲಸ್ಟರಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ. ಸಮನ್ವಯ ಶಿಕ್ಷಣದ (ವೈಕಲ್ಯ ಇರುವ ಮಕ್ಕಳಿಗೂ ಉಳಿದವರ ಜೊತೆಯಲ್ಲೇ ಕಲಿಸುವುದರ) ಬಗ್ಗೆ ನಮ್ಮ ಕ್ಲಸ್ಟರಿನ ಶಿಕ್ಷಕರಿಗೆ ಒಂದು ದಿನದ ತರಬೇತಿ ಮಾಡಬೇಕಾಗಿದೆ. ಪಿಪಿಟಿ ಕಳಿಸಿದ್ದಾರೆ. ಹೋದ ವರ್ಷವೂ ಇದೇ ಮಾಡಿದ್ದೆವು, ಕ್ಲಾಸಿನಲ್ಲಿ ಏನೂ ಬದಲಾಗಲಿಲ್ಲ. ಬೇರೆ ಏನು ಮಾಡಬಹುದು?
– ಶಹಾಪುರ ತಾಲ್ಲೂಕು

ಉತ್ತರ: ಸರ್, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಿಜವಾಗಿಯೂ ಥ್ಯಾಂಕ್ಸ್. ಪಿಪಿಟಿಯನ್ನು ವಾಟ್ಸಾಪಿನಲ್ಲಿ ಕಳಿಸಿಬಿಡಿ. ಕಾಯ್ದೆ ಯಾವುದು, ವ್ಯಾಖ್ಯೆ ಏನು ಅನ್ನುವುದನ್ನು ಅವರು ಮನೆಯಲ್ಲಿ ಓದಿಕೊಳ್ಳುತ್ತಾರೆ. ಕೂತು ಮಾತಾಡಲು ಸಿಗುವ ಆ ಒಂದು ದಿನವನ್ನು ಅದಕ್ಕೆ ಖರ್ಚು ಮಾಡಬೇಡಿ.

ಬರುವ ಪ್ರತಿ ಶಿಕ್ಷಕರೂ ತಮ್ಮ ಕ್ಲಾಸಿನ ಒಂದು ಮಗುವಿನ ನೋಟ್‌ಬುಕ್ ತರಬೇಕು ಅಂತ ಮೊದಲೇ ಹೇಳಿ. ಮಗುವಿನ ಹೆಸರನ್ನು ಕಾಗದ ಅಂಟಿಸಿ ಮುಚ್ಚಿಸಿ. ನಾಲ್ಕು ನಾಲ್ಕು ಜನ ಕೂತು ಒಂದೊಂದೇ ನೋಟ್‌ಬುಕ್ ಬಿಡಿಸಲಿ. ಮಗುವಿಗೆ ಏನು ಬರುತ್ತದೆ ಅಂತ ಮೊದಲು ಹೇಳಬೇಕು, ಏನು ಬರುವುದಿಲ್ಲ ಅನ್ನುವುದು ಆಮೇಲೆ. ಈ ಕ್ರಮ ಬಿಡಬೇಡಿ. ಬರುವುದರಿಂದ ಶುರು ಮಾಡಿದಾಗ ಮುಂದಿನ ಹೆಜ್ಜೆ ಎಲ್ಲಿ ಇಡಬೇಕು ಅನ್ನುವುದು ತಾನಾಗಿ ಕಾಣುತ್ತದೆ. ಒಬ್ಬೊಬ್ಬರೂ ಒಂದೇ ಒಂದು ಬದಲಾವಣೆ ತೀರ್ಮಾನ ಮಾಡಿಕೊಂಡು ಹೋಗಲಿ. ಎರಡು ಬೇಡ. ಮುಂದಿನ ತಿಂಗಳ ಸಭೆಗೆ ಅದೇ ಮಗುವಿನ ಅದೇ ನೋಟ್‌ಬುಕ್ ಮತ್ತೆ ಬರಬೇಕು. ಹೀಗೆ ಮತ್ತೆ ಮತ್ತೆ ಕೂತು ನೋಡುವುದೇ ನನ್ನ ದೃಷ್ಟಿಯಲ್ಲಿ ತರಬೇತಿ. ಉಳಿದದ್ದು ಮಾಹಿತಿ ಹಂಚುವುದು ಮಾತ್ರ.

ಬ್ಲಾಕಿನ ಬಿಐಇಆರ್‌ಟಿಗಳನ್ನು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಭಾಷಣಕ್ಕೆ ಕರೆಯಬೇಡಿ, ಕ್ಲಾಸಿಗೆ ಕರೆಯಿರಿ. ಅವರು ಒಂದು ಪೀರಿಯಡ್ ನಿಮ್ಮ ಮಕ್ಕಳಿಗೇ ಪಾಠ ಮಾಡಲಿ, ಶಿಕ್ಷಕರು ಹಿಂದೆ ಕೂತು ನೋಡಲಿ, ಮರುದಿನ ಶಿಕ್ಷಕರು ಮಾಡಲಿ ಅವರು ನೋಡಲಿ. ಅವರ ಮೇಲೆ ಕೆಲಸದ ಹೊರೆ ಎಷ್ಟಿದೆ ಅಂತ ನನಗೆ ಗೊತ್ತು. 2021ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯ ಇರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಅಂತ ಹೇಳಿತು. ನಮ್ಮ ಹಳ್ಳಿ ಶಾಲೆಗಳಿಗೆ ಆ ಲೆಕ್ಕ ಇನ್ನೂ ದೂರ. ಅದಕ್ಕೇ ಸಾಮಾನ್ಯ ಶಿಕ್ಷಕರು ತಯಾರಾಗಲೇಬೇಕು ಅಂತ ನಾನು ಪಟ್ಟು ಹಿಡಿದು ಹೇಳುವುದು. ವಿಶೇಷ ಶಿಕ್ಷಕರು ಬರುವವರೆಗೆ ಮಗು ದೊಡ್ಡದಾಗದೆ ಕಾಯುತ್ತದೆಯೇ?

ಮಧ್ಯಾಹ್ನದ ಮೇಲೆ ಇಬ್ಬರನ್ನು ಕರೆಯಿರಿ: ಇಂಥ ಮಗುವಿನ ತಾಯಿ ಒಬ್ಬರು, ವೈಕಲ್ಯ ಇದ್ದೇ ಓದಿ ಕೆಲಸಕ್ಕೆ ಸೇರಿದ ಒಬ್ಬರು. ಶಾಲೆಯಲ್ಲಿ ಏನು ಸಹಾಯ ಆಯ್ತು, ಏನು ನೋವಾಯ್ತು ಅಂತ ಅವರು ಹೇಳುವುದನ್ನು ಕೇಳಿದ ಮೇಲೆ ಶಿಕ್ಷಕರು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ.

ವೈಕಲ್ಯ ಇರಬಹುದಾದ ಮಕ್ಕಳನ್ನು ಶಾಲೆಯಲ್ಲೇ ಗುರುತಿಸಲು ಎನ್‌ಸಿಇಆರ್‌ಟಿಯ ಪ್ರಶಸ್ತ್ ಅನ್ನುವ ಆಪ್ 2022ರಲ್ಲಿ ಬಂದಿದೆ. ಮೊದಲ ಭಾಗ ಕ್ಲಾಸಿನ ಶಿಕ್ಷಕರಿಗೆ, ಎರಡನೆಯದು ವಿಶೇಷ ಶಿಕ್ಷಕರಿಗೆ. ಅದನ್ನು ಬಳಸುವುದನ್ನು ತೋರಿಸಿ. ಆದರೆ ಆಪ್‌ನಲ್ಲಿ ಟಿಕ್ ಹಾಕಿದರೆ ಮಗುವಿಗೆ ಏನೋ ಸಿಕ್ಕಿತು ಅಂತ ಆಗುವುದಿಲ್ಲ ಅನ್ನುವುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ದೀಕ್ಷಾ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಶಿಕ್ಷಕರ ನಿಷ್ಠಾ ತರಬೇತಿ ಕೋರ್ಸು ಮುಗಿಸಿ ಸರ್ಟಿಫಿಕೇಟ್ ತಗೊಂಡವರಿಗೂ ಇದೇ ಮಾತು.

ಪ್ರಶ್ನೆ: ಒಂದರಿಂದ ಐದು, ಇಬ್ಬರೇ ಶಿಕ್ಷಕರು. ನಲಿಕಲಿ ನಾನೇ ನೋಡಬೇಕು, ಬಿಸಿಯೂಟವೂ ನಾನೇ. ಇದರಲ್ಲಿ 'ವೈಯಕ್ತಿಕ ಗಮನ' ಎಲ್ಲಿಂದ ಕೊಡಲಿ?
– ಮುಖ್ಯ ಶಿಕ್ಷಕರು, ಹುಮನಾಬಾದ್ ತಾಲ್ಲೂಕು

ಉತ್ತರ: ಒಬ್ಬೊಬ್ಬರಿಗೂ ಬೇರೆ ಪಾಠ ಮಾಡಿ ಅಂತ ಹೇಳಿದರೆ ಅದು ನಿಮಗೆ ಅನ್ಯಾಯ. ಎಲ್ಲರಿಗೂ ಮಾಡುವ ಪಾಠವನ್ನೇ ಸ್ವಲ್ಪ ಬದಲಿಸಿ. ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಓದಿ, ಕಣ್ಣು ಮಂದ ಇರುವ ಮಗುವಿಗೂ ಓದಲು ಬರದ ಮಗುವಿಗೂ ಒಂದೇ ಸಲ ಸಹಾಯವಾಗುತ್ತದೆ. ಬೋರ್ಡಿನ ಕಡೆ ಮುಖ ಮಾಡಿಕೊಂಡು ಮಾತಾಡಬೇಡಿ. ಕಿವಿ ಮಂದ ಇರುವ ಮಗು ನಿಮ್ಮ ತುಟಿ ನೋಡಿಯೇ ಅರ್ಧ ಅರ್ಥ ಮಾಡಿಕೊಳ್ಳುತ್ತಿರುತ್ತದೆ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಲೆಕ್ಕಕ್ಕೆ ಜೋಳದ ದಂಟಿನ ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿಟ್ಟುಕೊಳ್ಳಿ, ಬಿಡಿಗೆ ತೊಗರಿ ಕಾಳು. ಮೂರನೇ ಕ್ಲಾಸಿನಲ್ಲೂ ಕೈಯಿಂದ ಎಣಿಸಲು ಬಿಡಿ, ಯಾರನ್ನೂ ಅವಸರ ಮಾಡಬೇಡಿ. ಬರೆಯಲು ಕಷ್ಟಪಡುವ ಮಗುವಿನ ಉತ್ತರವನ್ನು ಬಾಯಲ್ಲಿ ಕೇಳಿ ಮಾರ್ಕು ಕೊಡಿ.

ನಲಿಕಲಿಯ ಮೂಲ ಯೋಚನೆಯೇ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಅನ್ನುವುದು. ಹಾಗಾಗಿ ನಿಮ್ಮ ಕೈಯಲ್ಲಿ ಒಳ್ಳೆಯ ವ್ಯವಸ್ಥೆ ಇದ್ದೇ ಇದೆ. ದಾಖಲೆ ತುಂಬಲಿಕ್ಕಾಗಿ ಎಲ್ಲ ಮಕ್ಕಳನ್ನೂ ಒಂದೇ ಮೆಟ್ಟಿಲಿಗೆ ಎಳೆಯುವುದನ್ನು ಮಾತ್ರ ಬಿಡಿ. ಮತ್ತೆ ದಿನಕ್ಕೆ ಹತ್ತು ನಿಮಿಷ, ಉಳಿದವರು ಜೋಡಿಯಲ್ಲಿ ಓದುವಾಗ, ಒಂದೇ ಮಗುವಿನ ಪಕ್ಕ ಕೂಡಿ. ಮರುದಿನ ಇನ್ನೊಬ್ಬರು. ಅಷ್ಟು ಸಾಧ್ಯ ಸರ್.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಏಳು ವರ್ಷ. ಹುಟ್ಟಿದಾಗ ಮೆದುಳಿಗೆ ಪೆಟ್ಟಾಗಿ ಸೆರೆಬ್ರಲ್ ಪಾಲ್ಸಿ ಅಂದಿದ್ದಾರೆ. ಕೈಕಾಲು ಬಿಗಿ, ಮಾತು ನಿಧಾನ, ಆದರೆ ಎಲ್ಲ ತಿಳಿಯುತ್ತದೆ. ಊರ ಶಾಲೆಯಲ್ಲಿ 'ನಮ್ಮ ಟೀಚರಿಗೆ ಇದರ ಟ್ರೇನಿಂಗ್ ಇಲ್ಲ, ಸ್ಪೆಷಲ್ ಸ್ಕೂಲಿಗೆ ಹಾಕಿ' ಅಂತಾರೆ.
– ತಂದೆ, ಗುರುಮಠಕಲ್ ತಾಲ್ಲೂಕು

ಉತ್ತರ: ಅಣ್ಣಾ, ಅವರು ಹಾಗೆ ಹೇಳುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಎಲ್ಲ ಮಕ್ಕಳೂ ಬರುತ್ತಾರೆ, ನಿಮ್ಮ ಮಗಳೂ ಬರುತ್ತಾಳೆ. ಅದರ ಮೇಲೆ 2016ರ ಕಾಯ್ದೆ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣ ಕೊಡುತ್ತದೆ, ಹತ್ತಿರದ ಶಾಲೆಯಲ್ಲಾದರೂ ಸರಿ, ವಿಶೇಷ ಶಾಲೆಯಲ್ಲಾದರೂ ಸರಿ. ಆರಿಸುವವರು ನೀವು. ಸೇರಿಸಿಕೊಳ್ಳಲಿಲ್ಲ ಅಂದರೆ ಯಾಕೆ ಅಂತ ಬರೆದುಕೊಡಲು ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರನ್ನೂ ಜೊತೆಗೆ ಕರಕೊಂಡು ಹೋಗಿ. ಯುಡಿಐಡಿ ಕಾರ್ಡ್ (ವೈಕಲ್ಯದ ಗುರುತಿನ ಚೀಟಿ) ಮಾಡಿಸಿಲ್ಲ ಅಂದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯ ಇರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನ ಇದೆ, ಅದನ್ನೂ ಕೇಳಿ ಪಡೆಯಿರಿ.

ಇನ್ನು ಆ ಟೀಚರಿಗೆ ಒಂದು ಮಾತು, ಈ ಪುಟವನ್ನು ಅವರಿಗೆ ತೋರಿಸಿ. ನಿಮ್ಮ ಹೆದರಿಕೆ ಅರ್ಥವಾಗುತ್ತದೆ ಮೇಡಂ, ಮಗು ಬಿದ್ದರೆ ಏನು ಮಾಡಲಿ ಅನ್ನುವ ಹೆದರಿಕೆ ಅದು. ಆದರೆ ಈ ಮಗುವಿನ ಬಗ್ಗೆ ತರಬೇತಿ ಕೊಡಬಲ್ಲವರು ನಿಮ್ಮ ಮುಂದೆಯೇ ಇದ್ದಾರೆ, ಅವಳ ಅಪ್ಪ ಅವ್ವ. ಹೇಗೆ ಎತ್ತಬೇಕು, ಹೇಗೆ ಕೂಡಿಸಿದರೆ ಕೈ ಸಡಿಲ ಆಗುತ್ತದೆ, ಶೌಚಕ್ಕೆ ಹೋಗಬೇಕು ಅನ್ನುವುದನ್ನು ಹೇಗೆ ಹೇಳುತ್ತಾಳೆ, ಎಲ್ಲ ಅವರಿಗೆ ಗೊತ್ತು. ಶಾಲೆಗೆ ಸೇರುವ ಮೊದಲು ಒಂದು ಗಂಟೆ ಅವರ ಜೊತೆ ಕೂತುಕೊಳ್ಳಿ. ಪಾದ ನೆಲಕ್ಕೆ ತಾಗುವಂಥ ಕುರ್ಚಿ ಇರಲಿ, ತಾಗದಿದ್ದರೆ ಕೆಳಗೆ ಹಲಗೆ ಇಡಿ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಪಕ್ಕದ ಮಗು ಉತ್ತರ ಹೇಳಿಬಿಡುವ ಮೊದಲು ಅವಳಿಗೆ ಹೊತ್ತು ಸಿಗಬೇಕು. ಮಾತು ನಿಧಾನ ಆದ ಮಾತ್ರಕ್ಕೆ ಬುದ್ಧಿ ನಿಧಾನ ಅಂತ ತಿಳಿಯಬೇಡಿ.

ಪ್ರಶ್ನೆ: ಬಿ.ಇಡಿಯಲ್ಲಿ ಸಮನ್ವಯ ಶಾಲೆಯ ಬಗ್ಗೆ ಪೇಪರ್ ಇದೆ, ಚೆನ್ನಾಗಿಯೇ ಬರೆದೆ. ಆದರೆ ಇಂಥ ಒಂದು ಮಗುವಿಗೂ ನಾನು ಪಾಠ ಮಾಡಿಲ್ಲ. ವಿಶೇಷ ಶಿಕ್ಷಕಿ ಆಗುವ ಆಸೆಯೂ ಇದೆ.
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಂಗಿ, ರಜೆಯಲ್ಲಿ ನಿಮ್ಮ ಬ್ಲಾಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಹೋಗು. ವಿಶೇಷ ಅಗತ್ಯದ ಮಕ್ಕಳನ್ನು ಶಾಲೆಗೆ ತಯಾರು ಮಾಡುವ ಶಾಲಾ ಸಿದ್ಧತಾ ಕೇಂದ್ರ ಎಲ್ಲಿ ನಡೆಯುತ್ತದೆ ಅಂತ ಕೇಳಿ, ಅಲ್ಲಿ ಸ್ವಲ್ಪ ದಿನ ಸಹಾಯಕ್ಕೆ ನಿಲ್ಲು. ಬಿಐಇಆರ್‌ಟಿಗಳು ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಪಾಠ ಮಾಡುತ್ತಾರೆ, ಒಪ್ಪಿದರೆ ಅವರ ಜೊತೆ ಹೋಗು. ನಮ್ಮ ಜಿಲ್ಲೆಗಳಲ್ಲಿ ಕೆಲಸ ಮಾಡುವ ಆಸೆ ಇದ್ದರೆ ನಾಲ್ಕು ಮಾತು ಲಂಬಾಣಿ, ನಾಲ್ಕು ಮಾತು ಉರ್ದು, ಗಡಿ ಕಡೆ ಆದರೆ ಮರಾಠಿ ಅಥವಾ ತೆಲುಗು ಕಲಿ. ಸನ್ನೆ ಭಾಷೆಯನ್ನೂ ಶುರು ಮಾಡು.

ವಿಶೇಷ ಶಿಕ್ಷಕಿ ಆಗಲು ಬೇರೆಯೇ ಕೋರ್ಸು ಬೇಕು. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಮಾನ್ಯತೆ ಇರಬೇಕು, ಮುಗಿಸಿದ ಮೇಲೆ ಅದರ ನೋಂದಣಿಯೂ ಆಗಬೇಕು. ಫೀಸು ಕಟ್ಟುವ ಮೊದಲೇ ಆರ್‌ಸಿಐ ವೆಬ್‌ಸೈಟಿನಲ್ಲಿ ಕಾಲೇಜಿನ ಹೆಸರು ಇದೆಯಾ ನೋಡು. ಕೆಲವು ತಿಂಗಳ ಸರ್ಟಿಫಿಕೇಟ್ ಕೊಟ್ಟು ವಿಶೇಷ ಶಿಕ್ಷಕಿ ಆದಿರಿ ಅನ್ನುವವರನ್ನು ನಂಬಬೇಡ.

ಪ್ರಶ್ನೆ: ಒಂಬತ್ತನೇ ಕ್ಲಾಸಿನಲ್ಲಿ ಒಬ್ಬಳು ಓದಿ ಹೇಳಿದರೆ ಎಲ್ಲ ಉತ್ತರ ಹೇಳುತ್ತಾಳೆ, ಬರೆಯಲು ಆಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಏನಾದರೂ ಅನುಕೂಲ ಇದೆಯಾ?
– ಪ್ರೌಢಶಾಲಾ ಶಿಕ್ಷಕರು, ಬಸವಕಲ್ಯಾಣ

ಉತ್ತರ: ಇದೆ. ಬರಹಗಾರರ ಸಹಾಯ, ಹೆಚ್ಚುವರಿ ಸಮಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಮೂರನ್ನೂ 2016ರ ಕಾಯ್ದೆಯ 17ನೇ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. ಆದರೆ ಪ್ರಮಾಣಪತ್ರ ಬೇಕು. ಅದಕ್ಕೆ ಆಸ್ಪತ್ರೆಗೆ ಓಡಾಡಲು ತಿಂಗಳುಗಳೇ ಹಿಡಿಯುತ್ತವೆ. ಹಾಲ್ ಟಿಕೆಟ್ ಬರುವ ಹೊತ್ತಿಗೆ ನೆನಪಾದರೆ ಪ್ರಯೋಜನವಿಲ್ಲ, ಈ ತಿಂಗಳೇ ಶುರು ಮಾಡಿ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ, ನಿಮಗೆ ಬೀದರಿನ ಬ್ರಿಮ್ಸ್ ಆಸ್ಪತ್ರೆ ಹತ್ತಿರ, ಮಕ್ಕಳ ವಿಭಾಗ ಮತ್ತು ಮನೋವೈದ್ಯರ ವಿಭಾಗದಲ್ಲಿ ವಿಚಾರಿಸಿ. ಮತ್ತೆ ಬರಹಗಾರರ ಜೊತೆ ಪರೀಕ್ಷೆ ಬರೆಯುವುದು ಅಭ್ಯಾಸ ಬೇಕಾದ ಕೆಲಸ. ಉತ್ತರವನ್ನು ತಲೆಯಲ್ಲಿ ಜೋಡಿಸಿ ವಾಕ್ಯ ವಾಕ್ಯವಾಗಿ ಹೇಳಬೇಕಲ್ವಾ? ಈ ವರ್ಷದ ಕಿರು ಪರೀಕ್ಷೆಗಳನ್ನೆಲ್ಲ ಅವಳಿಗೆ ಹಾಗೆಯೇ ಮಾಡಿಸಿ.

ಪ್ರಶ್ನೆ: ನಾನು ಅತಿಥಿ ಶಿಕ್ಷಕಿ. ನಮ್ಮನ್ನು ಯಾವ ತರಬೇತಿಗೂ ಕರೆಯುವುದಿಲ್ಲ. ಎರಡನೇ ಕ್ಲಾಸಿನ ಒಬ್ಬ ಒಂದು ಕ್ಷಣ ಕೂರುವುದಿಲ್ಲ. 'ಎರಡು ಬಿಟ್ಟರೆ ಸರಿಹೋಗ್ತಾನ' ಅಂತಾರೆ ಉಳಿದವರು.
– ಸೇಡಂ ತಾಲ್ಲೂಕು

ಉತ್ತರ: ಹೊಡೆಯಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ, ಮತ್ತು ಹೊಡೆದರೆ ಅವನು ಕೂರುವುದೂ ಇಲ್ಲ. ಒಂದು ವಾರ ಗಮನಿಸಿ. ಯಾವ ಹೊತ್ತಿಗೆ ಜಾಸ್ತಿ? ಬಿಸಿಯೂಟದ ಮುಂಚೆಯಾದರೆ ಬೆಳಿಗ್ಗೆ ಏನಾದರೂ ತಿಂದು ಬಂದಿದ್ದಾನಾ ಕೇಳಿ. ಬರೆಯುವ ಪೀರಿಯಡ್‌ನಲ್ಲಿ ಮಾತ್ರ ಏಳುತ್ತಾನೆ ಅಂದರೆ ಬರೆಯುವುದೇ ಅವನ ಕಷ್ಟ ಇರಬಹುದು. ಬಾಗಿಲು ಕಿಟಕಿಯಿಂದ ದೂರ, ನಿಮ್ಮ ಹತ್ತಿರ ಕೂಡಿಸಿ. ಕೆಲಸವನ್ನು ತುಂಡು ಮಾಡಿ ಕೊಡಿ, ಒಂದು ತುಂಡು ಮುಗಿದ ತಕ್ಷಣ ಚೆನ್ನಾಗಿ ಮಾಡಿದೆ ಅನ್ನಿ, ನಡುವೆ ಎದ್ದು ಓಡಾಡುವ ಕೆಲಸ ಕೊಡಿ, ಪುಸ್ತಕ ಹಂಚುವುದು, ಬೋರ್ಡು ಒರೆಸುವುದು. ಶಾಲೆಯಲ್ಲಿ ಮಾತ್ರವಾ, ಮನೆಯಲ್ಲೂ ಹೀಗೇನಾ ಅಂತ ತಿಳಿದುಕೊಳ್ಳಿ. ಎರಡೂ ಕಡೆ ಬಹಳ ತಿಂಗಳಿಂದ ಹೀಗೇ ಇದ್ದರೆ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ.

ತರಬೇತಿಯ ವಿಷಯದಲ್ಲಿ ನಿಮ್ಮ ದೂರು ಪೂರ್ತಿ ನ್ಯಾಯವಾದದ್ದು. ನಮ್ಮ ಭಾಗದ ಎಷ್ಟೋ ಶಾಲೆಗಳು ಅತಿಥಿ ಶಿಕ್ಷಕರಿಂದಲೇ ನಡೆಯುತ್ತಿವೆ, ಅವರನ್ನೇ ಹೊರಗಿಟ್ಟು ಸಮನ್ವಯ ಶಿಕ್ಷಣದ ತರಬೇತಿ ಮಾಡಿದರೆ ಅದು ಮಕ್ಕಳನ್ನು ಮುಟ್ಟುವುದಾದರೂ ಹೇಗೆ? ನಿಮ್ಮ ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಸಿಆರ್‌ಪಿಗೆ ಮತ್ತು ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ಗೆ ಒಂದು ಪತ್ರ ಕೊಡಿ, ಮುಂದಿನ ಕ್ಲಸ್ಟರ್ ಸಭೆಗೆ ನಮ್ಮನ್ನೂ ಕರೆಯಿರಿ ಅಂತ ಬರೆಯಿರಿ. ತಾಲ್ಲೂಕಿನ ಬೇರೆ ಅತಿಥಿ ಶಿಕ್ಷಕರೂ ಸೇರಿ ಬರೆದರೆ ಇನ್ನೂ ಒಳ್ಳೆಯದು. ಹೋಗುವಾಗ ಆ ಹುಡುಗನ ನೋಟ್‌ಬುಕ್ ತಗೊಂಡು ಹೋಗಿ.